ಬಾಯಲ್ಲೊಂದು ಲವಂಗ

ನಿನ್ನೆ ಸಂಜೆ ಮಗಳ ಸ್ಕೂಲ್ ಬ್ಯಾಗನ್ನು ಎತ್ತಿಡಲು ಹೋದರೆ ಕೈಗೆ ಭಾರವಾಯಿತು. ಪುಸ್ತಕದ ಭಾರವಲ್ಲ, ಅದು ನನಗೆ ಗೊತ್ತು. ಪಕ್ಕದ ಜೇಬಿನಲ್ಲಿದ್ದ ನೀರಿನ ಬಾಟಲಿ, ಬೆಳಿಗ್ಗೆ ನಾನು ತುಂಬಿಸಿ ಕೊಟ್ಟ ಹಾಗೇ ಕತ್ತಿನವರೆಗೂ ತುಂಬಿಕೊಂಡು ವಾಪಸ್ ಬಂದಿತ್ತು.

"ಯಾಕೇ, ಒಂದು ಗುಟುಕೂ ಕುಡಿದಿಲ್ಲ?"

"ಟಾಯ್ಲೆಟ್ಟಿಗೆ ಚಿಲಕ ಇಲ್ಲಮ್ಮ. ನೀರು ಕುಡಿದ್ರೆ ಹೋಗ್ಬೇಕಾಗುತ್ತೆ."

"ಬಾಯಾರಲ್ವಾ?"

"ಪೆಪ್ಪರ್‌ಮಿಂಟ್ ಇಟ್ಕೋತೀನಿ. ನಾವೆಲ್ಲ ಹಂಗೇ ಮಾಡೋದು," ಎಂದು ನಾಲಿಗೆ ಚಾಚಿ ತೋರಿಸಿದಳು. ಅಲ್ಲಿ ಸವೆದು ಬಿಳಿಚಿದ ಒಂದು ಚೂರು ಇನ್ನೂ ಇತ್ತು.

ಅವಳ ಬಾಯಿಂದ ಬಂದದ್ದು ಪುದೀನದ ವಾಸನೆ. ನನಗೆ ಬಡಿದದ್ದು ಮಾತ್ರ ಲವಂಗದ ವಾಸನೆ. ಬಾಟಲಿ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲ ಮೇಲೇ ಕೂತುಬಿಟ್ಟೆ...

ಮದುವೆಯಾಗಿ ರಾಜಗೋಪಾಲನಗರಕ್ಕೆ ಬಂದ ಹೊಸತರಲ್ಲಿ ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಶರ್ಟಿಗೆ ಕಾಲರ್ ಕೂರಿಸುವ ಕೆಲಸ ಮಾಡುತ್ತಿದ್ದೆ. ನನ್ನ ಪಕ್ಕದ ಮಷೀನಿನಲ್ಲಿ ಒಬ್ಬ ಅಕ್ಕ ತೋಳು ಹೊಲಿಯುತ್ತಿದ್ದಳು. ಕೊಪ್ಪಳದ ಕಡೆಯವಳು. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅವಳ ಮಾತು ಊರಿನ ಬಸ್ಸಿಳಿದು ಈಗಷ್ಟೇ ಬಂದ ಹಾಗಿತ್ತು. ಗಂಡ ಬಿಟ್ಟುಹೋಗಿದ್ದ. ಮಕ್ಕಳಿರಲಿಲ್ಲ. ಹೊಟ್ಟೆಗೆ ಬಂದವು ನಿಂತಿರಲಿಲ್ಲ ಎಂದು ಒಮ್ಮೆ ಊಟದ ಹೊತ್ತಲ್ಲಿ ತಾನೇ ಹೇಳಿದ್ದಳು. ಹೇಳಿ, ನನ್ನ ಡಬ್ಬಿಯಿಂದ ಉಪ್ಪಿನಕಾಯಿ ಎತ್ತಿಕೊಂಡಿದ್ದಳು. ಅಯ್ಯೋ ಪಾಪ ಅನ್ನುವುದಕ್ಕೂ ಪುರಸೊತ್ತು ಕೊಡುವ ಹೆಂಗಸಲ್ಲ ಅವಳು.

ಆ ಕೆಲಸ ನೋಡಿದವರಿಗೆ ಗೊತ್ತು, ಶರ್ಟು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸಾಗುತ್ತಲೇ ಇರಬೇಕು. ಯಾರಾದರೂ ಎದ್ದರೆ ಅವರ ಮುಂದೆ ಪೀಸುಗಳು ಗುಡ್ಡೆ ಬೀಳುತ್ತವೆ, ಆಚೆಯವಳು ಕೈಕಟ್ಟಿ ಕೂರುತ್ತಾಳೆ. ಅಷ್ಟರಲ್ಲಿ ಸೂಪರ್‌ವೈಸರ್ ಬಾಯಿ ಶುರುವಾಗಿರುತ್ತದೆ. ಟಾಯ್ಲೆಟ್ಟಿಗೆ ಹೋಗಿ ಬಂದವಳನ್ನು ಅವನು "ಟೂರ್ ಮುಗೀತಾ ಮೇಡಂ?" ಎಂದು ಇಡೀ ಲೈನಿಗೆ ಕೇಳುವಂತೆ ವಿಚಾರಿಸುತ್ತಿದ್ದ. ಹಾಗಾಗಿ ನಾವು ಯಾರೂ ನೀರು ಕುಡಿಯುತ್ತಿರಲಿಲ್ಲ. ಕುಡಿಯಬೇಡಿ ಅಂತ ಯಾರೂ ಅಂದಿರಲಿಲ್ಲ ಅನ್ನಿ. ಮೂಲೆಯಲ್ಲಿ ದೊಡ್ಡ ಕ್ಯಾನ್ ಇಟ್ಟಿದ್ದರು, ಅದರ ಮೇಲೆ ಶುದ್ಧ ನೀರು ಎಂದೂ ಬರೆಸಿದ್ದರು.

ಕೆಲಸಕ್ಕೆ ಸೇರಿದ ಮೊದಮೊದಲು ನಾನು ಮನೆಯಿಂದ ತಂದ ನೀರನ್ನು ಗಟಗಟನೆ ಕುಡಿಯುತ್ತಿದ್ದುದನ್ನು ನೋಡಿ ಅಕ್ಕನೇ ತಡೆದಳು.

"ಏ ಹುಚ್ಚಿ, ನೀರ ಕುಡದಾಕಿ ಇಲ್ಲಿ ಟಾರ್ಗೆಟ್ ಮುಟ್ಟಂಗಿಲ್ಲ. ತಗೋ, ಇದನ್ನ ಬಾಯಾಗ ಇಟ್ಕೊ. ಜಗಿಬ್ಯಾಡ."

ಸೀರೆಯ ಸೆರಗಿನ ಗಂಟು ಬಿಚ್ಚಿ ಒಂದು ಲವಂಗ ಕೊಟ್ಟಳು. ನಾಲಿಗೆ ಚುರುಗುಟ್ಟಿತು, ಬಾಯಲ್ಲಿ ನೀರೂರಿತು, ದಾಹ ಮರೆತೇ ಹೋಯಿತು. ಅಂದಿನಿಂದ ದಿನಾ ಬೆಳಿಗ್ಗೆ ಮಷೀನ್ ಹಚ್ಚುವ ಮೊದಲು ಅವಳು ನನಗೊಂದು ಕೊಡುವುದು, ತಾನೊಂದು ಬಾಯಿಗೆ ಹಾಕಿಕೊಳ್ಳುವುದು ರೂಢಿಯಾಯಿತು. ಆ ಊರಲ್ಲದ ಊರಲ್ಲಿ ನನಗೆ ಸಿಕ್ಕ ಮೊದಲ ಅಕ್ಕರೆ ಅದು.

ನಾನು ಬಸುರಿಯಾದೆ. ಅದಕ್ಕೂ ಮುಂಚೆ ಒಂದು ಸಲ ಆಗಿ, ಮೂರನೇ ತಿಂಗಳಿಗೇ ಹೋಗಿಬಿಟ್ಟಿತ್ತು. ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ, ನನ್ನ ಪಾಡು ಅದೇ. ಮೊದಲೇ ಪುಕ್ಕಲು ಜೀವ. ಮೆಟ್ಟಿಲಿಳಿಯಲು ಹೆದರಿಕೆ, ಸೀನಲು ಹೆದರಿಕೆ, ಬಸ್ಸು ರಸ್ತೆಯ ಹಂಪಿನ ಮೇಲೆ ಹಾರಿದರೆ ಎರಡೂ ಕೈ ಹೊಟ್ಟೆಯ ಮೇಲೆ. ಫ್ಯಾಕ್ಟರಿಯಲ್ಲಿ ಯಾರಿಗೂ ಹೇಳಲಿಲ್ಲ. ಕಣ್ಣು ಬೀಳುತ್ತದೆ ಅನ್ನುವುದು ಒಂದು, ಲೈನಿನಿಂದ ತೆಗೆದುಬಿಟ್ಟರೆ ಅನ್ನುವುದು ಇನ್ನೊಂದು. ದುಪ್ಪಟ್ಟಾ ಅಗಲ ಮಾಡಿ ಹೊದ್ದುಕೊಂಡೆ. ಅಕ್ಕನಿಗೆ ಮಾತ್ರ ಹೇಳದೆಯೇ ಗೊತ್ತಾಯಿತು. ನನ್ನ ಪೀಸುಗಳ ಬಂಡಲನ್ನು ತಾನೇ ಬಗ್ಗಿ ಎತ್ತಿ ಕೊಡಲು ಶುರುಮಾಡಿದಳು.

ಐದನೇ ತಿಂಗಳು ಹಿಡಿದ ಮೇಲೆ ಉರಿ ಶುರುವಾಯಿತು. ಮೂತ್ರಕ್ಕೆ ಹೋದರೆ ಮೆಣಸಿನಪುಡಿ ಸುರಿದ ಹಾಗೆ. ಬಸುರಿಯರಿಗೆ ಉಷ್ಣ ಅಂದುಕೊಂಡೆ, ಎಲ್ಲರೂ ಹಾಗೇ ಅಂದುಕೊಳ್ಳುವುದು. ಉರಿಗೆ ಹೆದರಿ ಇನ್ನಷ್ಟು ತಡೆದುಕೊಂಡೆ, ನೀರನ್ನು ಇನ್ನಷ್ಟು ಬಿಟ್ಟೆ. ಆಮೇಲೆ ಒಂದು ಬೆಳಿಗ್ಗೆ, ಸುತ್ತ ಇಸ್ತ್ರಿಯ ಹಬೆ ಕವಿದು ಎಲ್ಲರೂ ಬೆವರುತ್ತಿದ್ದಾಗ, ನನಗೆ ಚಳಿ ಹತ್ತಿತು. ಹಲ್ಲು ಕಟಕಟ ಅನ್ನುತ್ತಿತ್ತು. ಸೊಂಟದ ಒಂದು ಪಕ್ಕ ಹಿಂಡಿದಂತಾಗುತ್ತಿತ್ತು. ಅಕ್ಕ ನನ್ನ ಕತ್ತು ಮುಟ್ಟಿ ನೋಡಿದವಳೇ ತನ್ನ ಮಷೀನ್ ಆಫ್ ಮಾಡಿದಳು. ಸೂಪರ್‌ವೈಸರ್ ಬಂದು ಗೇಟ್ ಪಾಸ್ ಒಬ್ಬರಿಗೆ ಮಾತ್ರ ಅಂದ.

"ಇಬ್ಬರಿಗೆ ಕೊಡ್ರಿ. ಅಕಿ ಹೊಟ್ಟ್ಯಾಗ ಕೂಸೈತಿ, ಮೈ ಕಾದ ಹಂಚಾಗೈತಿ. ದಾರ್‍ಯಾಗ ಬಿದ್ರ ನೀವ ಎತ್ತತೀರೇನು?"

ಇಡೀ ಲೈನು ತಿರುಗಿ ನನ್ನ ಹೊಟ್ಟೆ ನೋಡಿತು. ಇಷ್ಟು ದಿನ ಮುಚ್ಚಿಟ್ಟದ್ದು ಒಂದೇ ಮಾತಿಗೆ ಬಯಲಾಯಿತಲ್ಲ ಎಂದು ಆ ಚಳಿಯಲ್ಲೂ ನನಗೆ ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಆಟೋದಲ್ಲಿ ಅವಳ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಹಂಪು ಬಂದಾಗಲೆಲ್ಲ ಡ್ರೈವರನಿಗೆ ಬೈಯುವುದರಲ್ಲಿ ಮುಳುಗಿದ್ದಳು.

ಸರ್ಕಾರಿ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ನನ್ನನ್ನು ಮಲಗಿಸಿ, ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸವರಿ, ಮಗುವಿನ ಎದೆಬಡಿತ ಕೇಳಿಸುವ ಪುಟ್ಟದೊಂದು ಮಷೀನು ಒತ್ತಿ ಹಿಡಿದರು. ಬರೀ ಗೊರಗೊರ ಸದ್ದು. ಇನ್ನೊಂದು ಕಡೆ ಒತ್ತಿದರು. ಅಲ್ಲೂ ಅದೇ. ಡಾಕ್ಟರ್ ಮುಖ ನೋಡಲು ಧೈರ್ಯ ಸಾಲದೆ ನಾನು ಸೂರಿನ ಫ್ಯಾನನ್ನೇ ನೋಡುತ್ತಿದ್ದೆ. ಹೋದ ಸಲವೂ ಹೀಗೇ ಒಂದು ಫ್ಯಾನಿತ್ತು... ಇದೂ ಹೋಯಿತು, ಇದೂ ಹೋಯಿತು ಎಂದು ಎದೆ ಹೊಡೆದುಕೊಳ್ಳುತ್ತಿತ್ತು. ನನ್ನ ಟಿಫನ್ ಬ್ಯಾಗ್ ಅವುಚಿಕೊಂಡು ತಲೆದೆಸೆಯಲ್ಲಿ ನಿಂತಿದ್ದ ಅಕ್ಕನ ಉಸಿರು ಕೇಳಿಸುತ್ತಿತ್ತು, ಲವಂಗದ ವಾಸನೆಯ ಉಸಿರು. ಆಗ ಒಮ್ಮೆಲೇ ಟಕಟಕಟಕ ಅಂತು.

"ಯವ್ವಾ! ನಮ್ಮ ಮಷೀನ್ ಓಡಿದಂಗ ಓಡಾಕತ್ತೈತಲ್ಲ!" ಅಂದಳು ಅಕ್ಕ. ಡಾಕ್ಟರೂ ನಕ್ಕುಬಿಟ್ಟರು. ನಾನು ಅತ್ತೆ.

ನಕ್ಕು ಮುಗಿಸಿ ಡಾಕ್ಟರ್ ಸರಿಯಾಗಿ ಗದರಿದರು. ಮೂತ್ರದಲ್ಲಿ ಸೋಂಕಾಗಿದೆ, ಮೇಲಕ್ಕೆ ಹತ್ತಿದ ಹಾಗಿದೆ, ಎರಡು ದಿನ ಇಲ್ಲೇ ಇರಬೇಕು ಅಂದರು. ಬಸುರಿನಲ್ಲಿ ಇದನ್ನು ಉಷ್ಣ ಅಂತ ಸುಮ್ಮನೆ ಬಿಟ್ಟರೆ ದಿನ ತುಂಬುವ ಮೊದಲೇ ನೋವು ಬರಬಹುದು, ಮಗು ಕೈಗೆ ಹತ್ತದೆ ಹೋಗಬಹುದು. ನೀರು ಚೆನ್ನಾಗಿ ಕುಡಿಯಬೇಕು, ತಡೆದುಕೊಳ್ಳಲೇಬಾರದು. ಉರಿ ಇರಲಿ ಇಲ್ಲದಿರಲಿ, ಹೇಳಿದಾಗ ಬಂದು ಮೂತ್ರ ಪರೀಕ್ಷೆ ಮಾಡಿಸಬೇಕು, ಬಿಪಿ ನೋಡಿಸಬೇಕು. "ನೀರು ಯಾಕಮ್ಮ ಕುಡಿಯಲ್ಲ?" ಎಂದು ಕೇಳಿದರು. ನಾನು ಅಕ್ಕನ ಮುಖ ನೋಡಿದೆ. ಅಕ್ಕ ನೆಲ ನೋಡುತ್ತಿದ್ದಳು.

ವಾರ್ಡಿನಲ್ಲಿ ನನ್ನ ಕೈಗೆ ಡ್ರಿಪ್ ಹಾಕಿದ ಮೇಲೆ ಅವಳು ಮಂಚದ ಪಕ್ಕ ಕೂತು ಸೆರಗಿನ ಲವಂಗದ ಗಂಟನ್ನು ಬಿಚ್ಚುತ್ತಾ ಕಟ್ಟುತ್ತಾ ಇದ್ದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಅದರಿಂದನೂ ಕೂಸು ಹೋಗತಾವೇನ?"

ಅವಳು ನನ್ನ ಕೂಸಿನ ಮಾತಾಡುತ್ತಿರಲಿಲ್ಲ. ಗೊತ್ತಿಲ್ಲ ಅಕ್ಕ ಅಂದೆ. ನಿಜವಾಗಿ ನನಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಅವಳ ಕಾಲದಲ್ಲಿ ಅವಳನ್ನು ಯಾವ ಡಾಕ್ಟರೂ ನೋಡಿರಲಿಲ್ಲ. ನೋಡಿದ್ದರೂ ಹೀಗೇ ಆಗಿರುತ್ತಿತ್ತೇನೋ... ಯಾರು ಹೇಳಬಲ್ಲರು.

ನಾನು ಕೆಲಸಕ್ಕೆ ಮರಳಿದ ದಿನ ನನ್ನ ಮಷೀನಿನ ಮೇಲೆ ಒಂದು ದೊಡ್ಡ ಬಾಟಲಿ ಕೂತಿತ್ತು. ಅದರ ಅರ್ಧಕ್ಕೆ ಸರಿಯಾಗಿ ಕೆಂಪು ಕಾಲರ್ ಬಟ್ಟೆಯ ಒಂದು ಪಟ್ಟಿ ಬಿಗಿದಿತ್ತು. ಊಟದ ಬೆಲ್ಲಿಗೆ ನೀರು ಆ ಪಟ್ಟಿಗೆ ಇಳಿದಿರಬೇಕು, ಸಂಜೆಯ ಬೆಲ್ಲಿಗೆ ತಳ ಕಾಣಬೇಕು, ಇದು ಅಕ್ಕನ ಕಾನೂನು. ಲವಂಗ ನನಗೆ ಬಂದ್ ಆಯಿತು. ನಾನು ಎದ್ದರೆ ಅವಳು ತನ್ನ ಸ್ಟೂಲನ್ನು ನನ್ನ ಮಷೀನಿಗೆ ಎಳೆದುಕೊಂಡು ಕಾಲರ್ ಕೂರಿಸುತ್ತಿದ್ದಳು, ನಾನು ಬಂದ ಮೇಲೆ ತನ್ನ ತೋಳುಗಳ ಗುಡ್ಡೆಗೆ ಹಾರುತ್ತಿದ್ದಳು. ಕಾಲರ್ ಸೊಟ್ಟ ಹೋಗುತ್ತಿತ್ತು ಅನ್ನುವುದು ಬೇರೆ ಮಾತು. ಆಮೇಲೆ ನಾನು ಬಿಚ್ಚಿ ಹೊಲಿಯುತ್ತಿದ್ದೆ. ಸೂಪರ್‌ವೈಸರ್ ಟೂರ್ ಅಂತ ಬಾಯಿ ತೆರೆದರೆ, "ಹೌದ್ರಿ ಸಾರ್, ತಾಯಿ ಮಗು ಇಬ್ಬರೂ ಹೋಗ್ಯಾರ, ಎರಡ ಟಿಕೇಟು" ಅನ್ನುತ್ತಿದ್ದಳು. ಲೈನಿಗೆ ಲೈನೇ ನಗುತ್ತಿತ್ತು. ಸ್ವಲ್ಪ ದಿನಕ್ಕೆ ಅವನು ಕೇಳುವುದನ್ನು ಬಿಟ್ಟ.

ನನ್ನ ಹೆದರಿಕೆ ಹೋಯಿತೇ ಅಂದರೆ ಇಲ್ಲ. ಪ್ರತಿ ಸಲ ಟೆಸ್ಟಿನ ರಿಪೋರ್ಟ್ ಬರುವವರೆಗೆ ಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದೆ. ಮಗು ಒಂದಿಷ್ಟು ಹೊತ್ತು ಮಿಸುಕದಿದ್ದರೆ ಮಷೀನ್ ನಿಲ್ಲಿಸಿ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಆಗೆಲ್ಲ ಅಕ್ಕ ಬಾಟಲಿಯತ್ತ ಗಲ್ಲ ಎತ್ತಿ ತೋರಿಸುತ್ತಿದ್ದಳು, ಅಷ್ಟೇ. ಭಯಕ್ಕೂ ಅವಳಲ್ಲಿ ಅದೊಂದೇ ಔಷಧಿ.

ಅವಳ ಬಾಯಲ್ಲಿ ಮಾತ್ರ ಲವಂಗ ಇದ್ದೇ ಇತ್ತು. ಒಂದು ದಿನ ನಾನು ನನ್ನ ಬಾಟಲಿಯನ್ನು ಅವಳ ಮುಂದೆ ಇಟ್ಟು, "ನೀನೂ ಕುಡಿ ಅಕ್ಕ, ಡಾಕ್ಟರ್ ಹೇಳಿದ್ದು ನೀನೂ ಕೇಳಿಸ್ಕೊಂಡಿಲ್ವಾ?" ಅಂದೆ.

"ನಂಗ್ಯಾಕವಾ?" ಅಂದಳು, ಸೂಜಿಯಿಂದ ಕಣ್ಣು ತೆಗೆಯದೆ. "ನನ್ನ ಹೊಟ್ಟ್ಯಾಗ ಯಾರದಾರ?"

ತಮಾಷೆಯ ಧಾಟಿಯಲ್ಲೇ ಅಂದಿದ್ದಳು. ನಾನು ಏನಾದರೂ ಅನ್ನುವಷ್ಟರಲ್ಲಿ ಬಂಡಲ್ ಬಂತು.

ದಿನ ತುಂಬಿ ಮಗಳು ಹುಟ್ಟಿದಳು. ಅಕ್ಕ ನೋಡಲು ಬಂದಳು, ಉಳಿದ ಬಟ್ಟೆಯಲ್ಲಿ ತಾನೇ ಹೊಲಿದ ಒಂದು ಜುಬ್ಬ ಹಿಡಿದುಕೊಂಡು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಎದೆಗೆ ಕಿವಿ ಹಚ್ಚಿ, "ಮಷೀನ್ ಚಲೋ ಓಡಾಕತ್ತೈತಿ" ಅಂದಳು. ಅವಳ ಕಣ್ಣಿನ ಕೆಳಗೆ ಊದಿಕೊಂಡಿತ್ತು, ಕಾಲುಗಳಲ್ಲಿ ಚಪ್ಪಲಿ ಪಟ್ಟಿಯ ಗುರುತು ಕುಳಿಯಾಗಿ ಉಳಿದಿತ್ತು. ಕೇಳಿದರೆ ನಿದ್ದಿಲ್ಲ ಅಂದಳು. ಆಸ್ಪತ್ರೆಗೆ ತೋರಿಸು ಅಂದರೆ, "ತೋರಿಸೂಣಂತ ಬಿಡ" ಅಂದಳು.

ನಾನು ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ, ಮನೆಯಲ್ಲೇ ಬ್ಲೌಸ್ ಹೊಲಿಯತೊಡಗಿದೆ. ಅಕ್ಕನ ಸುದ್ದಿ ನನಗೆ ತಲುಪಿದ್ದು ತರಕಾರಿ ಗಾಡಿಯ ಹತ್ತಿರ, ಹಳೆಯ ಲೈನಿನ ಒಬ್ಬ ಹೆಂಗಸಿನಿಂದ. ಎರಡೂ ಕಿಡ್ನಿ ಕೈಕೊಟ್ಟಿದ್ದವಂತೆ. ತಂಗಿಯ ಮನೆಗೆ ಊರಿಗೆ ಹೋದವಳು ಅಲ್ಲೇ ಹೋಗಿಬಿಟ್ಟಳಂತೆ. ನೀರು ಕುಡಿಯದ್ದಕ್ಕೇ ಹಾಗಾಯಿತು ಎಂದು ನಾನು ಹೇಳಲಾರೆ. ಬಿಪಿ ಇತ್ತೋ, ಶುಗರ್ ಇತ್ತೋ, ಯಾರೂ ಒಮ್ಮೆಯೂ ನೋಡಿರಲಿಲ್ಲ. ನನ್ನ ಸಂಕಟ ಅದೇ. ನನ್ನ ಕೈ ಹಿಡಿದು ಆಸ್ಪತ್ರೆಯ ಬಾಗಿಲವರೆಗೂ ಬಂದವಳು, ಒಳಗೂ ಬಂದವಳು, ತನ್ನ ತೋಳಿಗೆ ಬಿಪಿ ಪಟ್ಟಿ ಸುತ್ತಿಸಿಕೊಳ್ಳದೆ ವಾಪಸ್ ಹೋಗಿದ್ದಳು...

ಇವತ್ತು ಬೆಳಿಗ್ಗೆ ಮಗಳ ಬಾಟಲಿಯ ಅರ್ಧಕ್ಕೆ ಒಂದು ಬ್ಲೌಸ್ ಪೀಸಿನ ಪಟ್ಟಿ ಬಿಗಿದೆ. "ಏನಮ್ಮ ಇದು, ಎಲ್ಲರೂ ನಗ್ತಾರೆ," ಅಂದಳು. ನಗಲಿ ಬಿಡು ಅಂದೆ. ಅವಳ ಜೊತೆ ನಾನೂ ಶಾಲೆಗೆ ಹೋದೆ. ದೊಡ್ಡ ಮೇಡಂ ಎದುರು ನಿಂತೆ. ಚಿಲಕದ ವಿಷಯ ಹೇಳಿದೆ. "ನೋಡೋಣಮ್ಮ, ಬರೆದು ಹಾಕಿದೀವಿ," ಅಂದರು ಅವರು. ನಾನು ಬ್ಯಾಗಿನಿಂದ ತೆಗೆದು ಮೇಜಿನ ಮೇಲಿಟ್ಟೆ. "ಚಿಲಕ ತಂದಿದೀನಿ ಮೇಡಂ. ಸ್ಕ್ರೂನೂ ಇದೆ. ಸ್ಕ್ರೂಡ್ರೈವರೂ ಇದೆ." ನನ್ನ ಬಾಯಿಂದ ಬಂದ ಆ ಧಾಟಿ ನನ್ನದಲ್ಲ, ಅದು ಯಾರದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೇಡಂ ಒಮ್ಮೆ ನನ್ನನ್ನು, ಒಮ್ಮೆ ಚಿಲಕವನ್ನು ನೋಡಿ ಆಯಾಳನ್ನು ಕೂಗಿದರು.

ಸಂಜೆ ಬ್ಯಾಗ್ ಹಗುರವಾಗಿತ್ತು. ನೀರು ಪಟ್ಟಿಯಿಂದ ಒಂದು ಬೆರಳು ಕೆಳಗೆ ಇಳಿದಿತ್ತು. ಇನ್ನೂ ಅರ್ಧ ಉಳಿದಿದೆಯಲ್ಲ ಎಂದು ಬೈಯಲು ಹೊರಟವಳಿಗೆ ಥಟ್ಟನೆ ನೆನಪಾಯಿತು, ಶಾಲೆಯಿಂದ ಬಂದು ಹೊಲಿಗೆಯ ಮುಂದೆ ಕೂತ ನಾನೂ ಬೆಳಗಿನಿಂದ ಒಂದು ಕಾಫಿ ಬಿಟ್ಟರೆ ಏನೂ ಕುಡಿದಿರಲಿಲ್ಲ. ಉಳಿದ ನೀರನ್ನು ಅಡುಗೆಮನೆಯಲ್ಲಿ ನಿಂತೇ ಎತ್ತಿ ಕುಡಿದೆ. ನಂಗ್ಯಾಕವಾ, ನನ್ನ ಹೊಟ್ಟ್ಯಾಗ ಯಾರದಾರ ಎಂದು ಅಕ್ಕ ಕೇಳಿದ್ದು ಪಕ್ಕದಲ್ಲೇ ಕೇಳಿಸಿತು. ಅಂದು ಬಂಡಲ್ ಬಂದು ತಪ್ಪಿಹೋದ ಮಾತು ಇಷ್ಟು ವರ್ಷದ ಮೇಲೆ ಖಾಲಿ ಬಾಟಲಿಯ ಎದುರು ಬಾಯಿಗೆ ಬಂತು.

ನೀನಿದ್ದೆಯಲ್ಲ ಅಕ್ಕ...