ಸೊಲ್ಲು ಹಿಡಿಯುವವನ ಜಾಗ

ಹೋದ ಸೋಮವಾರ ಬೆಳಿಗ್ಗೆ ಕಂಪನಿ ಬಸ್ಸಿನ ಡ್ರೈವರ್ ಪೆನ್‌ಡ್ರೈವ್ ಸಿಕ್ಕಿಸಿದ. ಎಂದಿನಂತೆ ದೇವರ ಹಾಡು ಬರುತ್ತದೆ ಎಂದು ನಾನು ಕಣ್ಣು ಮುಚ್ಚಿದ್ದೆ. ಬಂದದ್ದು ನಮ್ಮ ಹಾಡು! ಅಯ್ಯೋ, ಎಷ್ಟು ವರ್ಷವಾಗಿತ್ತು ಕೇಳಿ. ಈ ಹಾಡು ಎರಡು ಸಲ ರೆಕಾರ್ಡ್ ಆಗಿದೆ. ಒಂದರಲ್ಲಿ ನಾನಿದ್ದೇನೆ, ಇನ್ನೊಂದರಲ್ಲಿ ಇಲ್ಲ. ಇದು ಯಾವುದೆಂದು ತಿಳಿಯಲು ಮೊದಲ ಸಾಲು ಮುಗಿಯಬೇಕು. ನಮ್ಮ ತಂಡದ ಇಮ್ರಾನ್ ಶುರುವಿಗೆ ಹಾಕಿದ ಮ್ಯೂಸಿಕ್ಕೋ ಬೇಗ ಮುಗಿಯುವುದಲ್ಲ. ಅಷ್ಟರಲ್ಲಿ ನಿಮಗೆ ಕಥೆ ಹೇಳಿಬಿಡುತ್ತೇನೆ.

ಪೀಣ್ಯದಲ್ಲಿ ನಾವು ಮೂವರು ಸೇರಿ ‘ಸೆಕೆಂಡ್ ಶಿಫ್ಟ್’ ಎಂಬ ರ‍್ಯಾಪ್ ತಂಡ ಕಟ್ಟಿದ್ದೆವು. ಬರೆದು ಹಾಡುವವನು ಮಲ್ಲು, ರಾಯಚೂರು ಕಡೆಯವನು. ಪ್ರೆಸ್ ಮೆಷಿನ್ ಮೇಲೆ ಕೆಲಸ, ನಮ್ಮ ಮನೆ ಮೇಲಿನ ಶೀಟು ರೂಮಿನಲ್ಲಿ ಬಾಡಿಗೆಗಿದ್ದ. ಬೀಟ್ ಕೂಡಿಸುವವನು ಮೊಬೈಲ್ ಅಂಗಡಿಯ ಇಮ್ರಾನ್. ನಾನು ಪ್ರತಿ ಸಾಲಿನ ಕೊನೆಯ ಪದವನ್ನು ಇನ್ನೊಮ್ಮೆ ಕೂಗುವವನು. ನಗಬೇಡಿ. “ಐದು ಮಂದಿಗೆ ಒಂದೇ ರೂಮು, ನಳದ ಮುಂದ ಪಾಳಿ” ಎಂದು ಮಲ್ಲು ಅಂದರೆ ನಾನು “ಪಾಳಿ!” “ನನ್ನ ಸರದಿ ಬರೂದ್ರಾಗ ನೀರಿನ ಟ್ಯಾಂಕು ಖಾಲಿ” ಅಂದರೆ ನಾನು “ಖಾಲಿ!” ಆ ಟ್ಯಾಂಕು ನಮ್ಮಪ್ಪನದೇ. ಅಪ್ಪ ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು.

ನನ್ನ ಕೆಲಸದ ಬೆಲೆ ಗೊತ್ತಿದ್ದದ್ದು ಅಮ್ಮನಿಗೆ. ಸುತ್ತಲಿನ ಮದುವೆ ಮನೆಗಳಲ್ಲೆಲ್ಲ ಸೋಬಾನೆ ಹಾಡಿದವಳು ಅವಳು. ಒಬ್ಬಳು ಹೇಳಿದ ಸಾಲನ್ನು ಉಳಿದವರು ತಿರುಗಿ ಹಾಡುವುದೇ ಅಲ್ಲಿ ಸೊಲ್ಲು ಹಿಡಿಯುವುದು. “ಸೊಲ್ ಇಡಿಯೋರಿಲ್ದಿದ್ರೆ ಪದ ಏಳೋಳು ಉಸ್ರು ಎಲ್ ತಕ್ಕಂತಾಳೆ?” ಎನ್ನುತ್ತಿದ್ದಳು. ನಿಜ. ನಾನು ಕೂಗುವಷ್ಟು ಹೊತ್ತಿನಲ್ಲೇ ಮಲ್ಲು ಉಸಿರೆಳೆದುಕೊಳ್ಳುತ್ತಿದ್ದ.

ಕರೆಂಟು ಹೋದರೆ ಪೀಣ್ಯವೆಲ್ಲ ಬೈದುಕೊಳ್ಳುತ್ತಿತ್ತು, ನಾವು ಮಾತ್ರ ಮಹಡಿಗೆ ಓಡುತ್ತಿದ್ದೆವು. ಸುತ್ತಲಿನ ಸಣ್ಣ ಶೆಡ್ಡುಗಳ ಪ್ರೆಸ್ಸು, ಲೇತು ನಿಂತರೇನೇ ನಮಗೆ ರೆಕಾರ್ಡಿಂಗು. ಇಮ್ರಾನನ ಹಳೆಯ ಲ್ಯಾಪ್‌ಟಾಪಿನ ಬ್ಯಾಟರಿ ಸಾಯುವುದರೊಳಗೆ ಹಾಡು ಮುಗಿಯಬೇಕು. ಹೀಗೆ ಹನ್ನೊಂದು ಹಾಡು ಮಾಡಿದೆವು. ಅಂಗಡಿಗೆ ಮೆಮೊರಿ ಕಾರ್ಡ್ ತಂದವರಿಗೆಲ್ಲ ಇಮ್ರಾನ್ ಕೇಳದಿದ್ದರೂ ತುಂಬಿಸಿ ಕಳಿಸಿದ. ಆಮೇಲೆ ನೋಡಿ, ಗಣೇಶ, ರಾಜ್ಯೋತ್ಸವ ಎಂದು ಬೊಮ್ಮನಹಳ್ಳಿವರೆಗೂ ಸ್ಟೇಜು ಹತ್ತಿದೆವು.

ಕೊನೆಗೊಂದು ದಿನ ಈ ಟ್ಯಾಂಕಿನ ಹಾಡನ್ನು ಹೊಸದಾಗಿ ರೆಕಾರ್ಡ್ ಮಾಡಲು ನಿಜವಾದ ಸ್ಟುಡಿಯೋದಿಂದ ಕರೆ ಬಂತು. ಅಲ್ಲಿನ ರೆಕಾರ್ಡಿಂಗ್ ಎಂಜಿನಿಯರ್ ಕೇಳಿ ನೋಡಿ, ಎರಡನೇ ದನಿ ಬೇಡ, ಕಿವಿಗೆ ಚುಚ್ಚುತ್ತದೆ ಎಂದ. ಮಲ್ಲು ಜಗಳಕ್ಕೇ ನಿಂತ. ಅವಕಾಶ ತಪ್ಪೀತೆಂದು ನಾನೇ ದೊಡ್ಡ ಮನಸ್ಸಿನವನಂತೆ ತೆಗೆಯಿರಿ ಎಂದೆ. ಒಳಗೆ ಬೆಂಕಿ. ಎಂಜಿನಿಯರ್ ನನ್ನ ದನಿ ತೆಗೆದು, ಸಾಲುಗಳನ್ನು ಹತ್ತಿರ ತಂದು ನಡುವಿನ ಜಾಗ ಮುಚ್ಚಲು ಹೋದಾಗ ಮಲ್ಲು ಅಡ್ಡ ಬಂದ.

“ಅದು ಅಂವನ ಜಾಗಾರೀ ಸರ. ಮುಚ್ಚಬ್ಯಾಡ್ರಿ. ಖಾಲಿ ಇರ್ಲಿ.”

ನನಗೆ ಅದು ಅವಮಾನವಾಗಿ ಕೇಳಿಸಿತು. ನಾನಿಲ್ಲ ಎನ್ನುವುದನ್ನು ಸಾಲುಸಾಲಿಗೂ ಸಾರಬೇಕೇ? ಆಮೇಲೆ ಪ್ರಾಕ್ಟೀಸಿಗೆ ಕರೆದಾಗಲೆಲ್ಲ ಶಿಫ್ಟು, ನೆಗಡಿ ಎಂದು ನೆಪ ಹೇಳಿದೆ. ತಂಡ ಒಂದು ವರ್ಷವೂ ಉಳಿಯಲಿಲ್ಲ. ಮಲ್ಲು ಕೆಲಸ ಬದಲಿಸಿ ರೂಮು ಖಾಲಿ ಮಾಡಿದ ದಿನ ನಾನು ಒಳಗೆ ಟಿವಿ ನೋಡುತ್ತ ಕುಳಿತಿದ್ದೆ. ಅವನು ಅಮ್ಮನಿಗೆ ಹೇಳಿ ಹೋದ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಇತ್ತ ಬಸ್ಸಿನಲ್ಲಿ ಮ್ಯೂಸಿಕ್ಕು ಮುಗಿಯಿತು. “…ನಳದ ಮುಂದ ಪಾಳಿ.” ಆಮೇಲೆ ನನ್ನ ದನಿಯಿಲ್ಲ. ಸ್ಟುಡಿಯೋದ್ದೇ! ಮತ್ತೆ ಕಣ್ಣು ಮುಚ್ಚಿಕೊಂಡೆ.

ಆದರೆ ಹಿಂದಿನ ಸೀಟಿನಿಂದ “ಪಾಳಿ!” ಎಂದು ಯಾರೋ ಕೂಗಿದರು. ಮುಂದಿನ ಸಾಲಿಗೆ ಅರ್ಧ ಬಸ್ಸು “ಖಾಲಿ!” ಎಂದಿತು, ಡ್ರೈವರನೂ ಸೇರಿ. ಇವರಲ್ಲಿ ಯಾರೂ ನನ್ನ ದನಿ ಕೇಳಿದವರಲ್ಲ. ಜಾಗವಿತ್ತು, ಬಾಯಿ ಹಾಕಿದರು, ಅಷ್ಟೇ. ಅವತ್ತು ಮಲ್ಲು ಬಿಟ್ಟುಕೊಟ್ಟಿದ್ದರೆ ಯಾರಿಗೂ ಜಾಗವಿರುತ್ತಿರಲಿಲ್ಲ.

ಪಕ್ಕದಲ್ಲಿ ಕುಳಿತಿದ್ದ ಸ್ಟೋರ್ಸ್ ಮೇಡಂ ನನ್ನತ್ತ ತಿರುಗಿದರು. “ನೀವೂ ಹೇಳಿ ಸಾರ್. ಕಷ್ಟ ಏನಿಲ್ಲ, ಕೊನೇ ಪದ ಅಷ್ಟೇ.”

ಹೇಳಿದೆ. ಅಷ್ಟು ಸರಿಯಾದ ಸಮಯಕ್ಕೆ ಆ ಬಸ್ಸಿನಲ್ಲಿ ಬೇರೆ ಯಾರೂ ಹೇಳಲಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲೆ.

ಬಸ್ಸಿಳಿದವನೇ ಇಮ್ರಾನನಿಂದ ನಂಬರ್ ತೆಗೆದುಕೊಂಡು ಮಲ್ಲುವಿಗೆ ಫೋನ್ ಮಾಡಿದೆ. ಯಾರು ಎಂದು ಕೇಳಿದ. ಏನು ಹೇಳಬೇಕೆಂದು ತೋಚದೆ, ಗೇಟಿನ ಮುಂದೆ ನಿಂತು “ಖಾಲಿ!” ಎಂದು ಕೂಗಿಬಿಟ್ಟೆ.



“ಎಲ್ಲಿ ಹೋಗಿದ್ಯೋ ಲೇ,” ಎಂದ ಮಲ್ಲು. “ನಾ ಇನ್ನಾ ಉಸಿರು ಹಿಡ್ಕೊಂಡು ಕುಂತೀನಿ.”