ಅತ್ತೆ ಬಿಗಿದ ತಂತಿ

ಗಿಟಾರಿನ ಕತ್ತು ದಾರಿಯಲ್ಲೇ ಮುರಿದುಬಿಟ್ಟರೆ? ಬೆಳಗಿನಿಂದ ಅನುರಾಧಾಳಿಗೆ ಇದೊಂದೇ ಚಿಂತೆ. ಕೂಸಿಗೆ ಎಣ್ಣೆ ಹಚ್ಚುವಾಗಲೂ ಅದೇ, ರೊಟ್ಟಿ ಬಡಿಯುವಾಗಲೂ ಅದೇ. ಬನಹಟ್ಟಿಯಿಂದ ಪುಣೆಗೆ ಹೋಗುವ ಲಾರಿ, ಲಾರಿಯ ತುಂಬ ಸೀರೆಯ ಗಂಟುಗಳು, ಅವುಗಳ ಅಡಿಯಲ್ಲೆಲ್ಲೋ ತನ್ನ ಗಿಟಾರು. ಸೀರೆಯ ಗಂಟು ಎತ್ತಿ ಎಸೆದು ರೂಢಿಯಾದ ಹಮಾಲರ ಕೈ. ಸೀರೆಗೇನಾಗುತ್ತದೆ, ಹೇಗೆ ಎಸೆದರೂ ಸೀರೆಯೇ.

ಅನುರಾಧಾ ಮೊದಲಿಂದಲೂ ಹೀಗೆ. ಕೂಸು ತುಸು ಹೆಚ್ಚು ಹೊತ್ತು ಮಲಗಿದರೆ ಮೂಗಿನ ಬಳಿ ಬೆರಳು ಹಿಡಿದು ನೋಡುವವಳು. ಬೆಳಗಾವಿಯಲ್ಲಿ ಹುಟ್ಟಿ, ಅಲ್ಲೇ ಇಂಗ್ಲಿಷ್ ಸಾಲಿ ಕಲಿತು, ಬನಹಟ್ಟಿಯ ನೇಕಾರರ ಮನೆಗೆ ಸೊಸೆಯಾಗಿ ಬಂದಳು. ಗಂಡ ರಾಜಕುಮಾರನದು ಸೀರೆ ವ್ಯಾಪಾರ, ಹಿತ್ತಲ ಶೆಡ್ಡಿನಲ್ಲಿ ಕರೆಂಟಿನ ಮಗ್ಗಗಳು. ಹೊಸದರಲ್ಲಿ ಆ ಖಟಖಟಕ್ಕೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಈಗ ಕೂಸಿಗೆ ಅದೇ ಜೋಗುಳ. ಕರೆಂಟು ಹೋಗಿ ಮಗ್ಗ ನಿಂತರೆ ಸಾಕು, ತೊಟ್ಟಿಲಲ್ಲಿ ಕಣ್ಣು ಬಿಡುತ್ತದೆ. ಅಂಥ ಸದ್ದಿನಲ್ಲಿ ಗಿಟಾರು ಬಾರಿಸಿದರೆ ತನಗೇ ಕೇಳುತ್ತಿರಲಿಲ್ಲ. ಅದು ಕಪಾಟಿನ ಮೇಲೆ ಹೋಯಿತು. ಅದರ ಮೇಲೆ ಕೂಸಿನ ದುಪ್ಪಟಿಗಳು ಬಂದು ಕೂತವು.

ಹಾಗೆ ನೋಡಿದರೆ ಗಿಟಾರು ಅವಳೊಬ್ಬಳದೇ ಅಲ್ಲ. ಅಪ್ಪ ತಂದದ್ದು ಒಂದು, ಹೆಣ್ಣುಮಕ್ಕಳು ಇಬ್ಬರು. ಅನುರಾಧಾ ಎಡಗೈಯಿಂದ ತಂತಿ ಒತ್ತಿ ಹಿಡಿಯಬೇಕು, ಮೈಗೆ ಮೈ ಹಚ್ಚಿ ಕೂತ ತಂಗಿ ವಂದನಾ ಬಲಗೈಯಿಂದ ಮೀಟಬೇಕು. ಜಗಳ ತಪ್ಪಿಸಲು ಅವರೇ ಮಾಡಿಕೊಂಡ ಉಪಾಯ. ಶ್ರುತಿ ಕೂಡಿಸುವುದೂ ಹಾಗೆಯೇ. ವಂದನಾ ಬಾಯಲ್ಲಿ ಸ್ವರ ಹಿಡಿದು ನಿಲ್ಲಿಸುವಳು, ಅನುರಾಧಾ ಕಿವಿಗೊಟ್ಟು ಬಿರಡೆ ತಿರುವುವಳು. ಮೊಬೈಲಿನಲ್ಲಿ ಅದಕ್ಕೊಂದು ಆ್ಯಪ್ ಬಂದಮೇಲೂ ಅವರು ಈ ಪದ್ಧತಿ ಬಿಟ್ಟಿರಲಿಲ್ಲ.

ಈಗ ವಂದನಾ ಪುಣೆಯಲ್ಲಿ ಮಕ್ಕಳಿಗೆ ಸಂಗೀತ ಕಲಿಸುತ್ತಾಳೆ. ಗಿಟಾರು ಅಲ್ಲಿ ಸುಮ್ಮನೆ ಧೂಳು ಹಿಡಿದು ಬಿದ್ದಿರಬೇಕು, ನಿನಗಾದರೂ ಈಗ ಪುರುಸೊತ್ತೆಲ್ಲಿ, ಕಳಿಸಿಬಿಡು ಅಕ್ಕಾ ಎಂದು ಮೆಸೇಜು ಹಾಕಿದ್ದಳು. ಅನುರಾಧಾ ಆಯಿತೆಂದು ಬೆರಳಲ್ಲೇ ಉತ್ತರ ಕೊಟ್ಟಳು. ಫೋನು ಮಾಡಲಿಲ್ಲ, ಮಾಡಿದ್ದರೆ ತಂಗಿಗೆ ದನಿಯಲ್ಲೇ ಗೊತ್ತಾಗಿಬಿಡುತ್ತಿತ್ತು. ಪುರುಸೊತ್ತಿಲ್ಲ ಎಂಬುದು ಖರೆಯೇ. ಖರೆ ಇದ್ದದ್ದಕ್ಕೇ ಅದು ನಟ್ಟಿತು.

ಕಳಿಸುವುದಾದರೆ ನೆಟ್ಟಗೆ ಕಳಿಸಬೇಕು. ತಂತಿಗಳು ಬಿಗಿಯಾಗಿದ್ದರೆ ಕತ್ತನ್ನು ಜಗ್ಗುತ್ತಲೇ ಇರುತ್ತವೆ, ಪೆಟ್ಟು ಬಿದ್ದರೆ ಮೊದಲು ಅಲ್ಲೇ ಮುರಿಯುತ್ತದೆ ಎಂದು ವಿಡಿಯೋದಲ್ಲಿ ನೋಡಿದ್ದಳು. ಆರೂ ತಂತಿ ಸಡಿಲಿಸಿದಳು. ಕತ್ತಿನ ಕೆಳಗೆ ಕೂಸಿನ ದುಪ್ಪಟಿ ಮಡಚಿ ಇಟ್ಟಳು, ತಲೆಗೆ ಕೂಸಿನ ಹಳೇ ಕುಂಚಿಗೆ ತೊಡಿಸಿದಳು. ಪೆಟ್ಟಿಗೆಯಲ್ಲಿ ಅಲುಗದಂತೆ ಸಂದುಗಳಲ್ಲಿ ಅರಿವೆ ತುರುಕುತ್ತಿದ್ದಂತೆ ಕೂಸು ಅತ್ತಿತು, ಎರೆಯುವ ಹೊತ್ತಾಗಿತ್ತು. ಪೆಟ್ಟಿಗೆಯನ್ನು ನೋಡಿಕೊಳ್ಳಲು ಅತ್ತೆ ಅನಸವ್ವನಿಗೆ ಹೇಳಿ, ಕೂಸನ್ನೆತ್ತಿಕೊಂಡು ಬಚ್ಚಲಿಗೆ ಹೋದಳು.

ಕೂಸನ್ನು ಎರೆದು ಮಲಗಿಸಿ ಬರುವುದರಲ್ಲಿ ರಾಜಕುಮಾರ ಪೆಟ್ಟಿಗೆಗೆ ಗೋಣಿತಟ್ಟು ಸುತ್ತಿ, ದಬ್ಬಣದಿಂದ ಹೊಲಿದು, ಕಾಲು ಕೊಟ್ಟು ಸುತಳಿ ಜಗ್ಗಿ ಕಟ್ಟಿದ್ದ. ಥೇಟ್ ಸೀರೆಯ ಗಂಟು. ತಾನು ಕಟ್ಟಿದ್ದು ಇಲ್ಲಿಯತನಕ ಒಂದೂ ಬಿಚ್ಚಿಲ್ಲ ಎಂದು ಮೀಸೆಯಲ್ಲೇ ನಕ್ಕ. ಗಂಟು ಹೊರಗಿನ ಕಟ್ಟೆಯ ಮೇಲೆ ಟ್ರಾನ್ಸ್‌ಪೋರ್ಟಿನ ಟಂಟಂ ಗಾಡಿ ಕಾಯುತ್ತ ಕೂತಿತು.

ಚಹಾ ಕುಡಿಯುವಾಗ ಅನಸವ್ವ ಸಹಜವಾಗಿ ಅಂದಳು: “ಆ ತಂತಿ ಎಲ್ಲಾ ಜೋತಬಿದ್ದಿದ್ವು ನೋಡವಾ. ಬಿಗದ ಇಟ್ಟೇನಿ. ತಂಗಿ ಮನಿಗೆ ಹೊಂಟ ಸಾಮಾನ, ಹಂಗ ಕಳಿಸಿದ್ರ ನೇಕಾರ್ರ ಮನ್ಯಾಗ ಕೈಯಿಲ್ಲೇನ ಅಂದಾರು.”

ಅನುರಾಧಾ ಚಹಾದ ಬಸಿ ಕೆಳಗಿಟ್ಟಳು. ಮೊಣಕಾಲು ಕೈಕೊಡುವ ತನಕ ಕುಣಿಮಗ್ಗದಲ್ಲಿ ಕೂತು ನೇಯ್ದ ಜೀವ ಅತ್ತೆಯದು. ಮಗ್ಗಕ್ಕೆ ಉದ್ದುದ್ದ ಕಟ್ಟಿದ ಹಾಸಿನ ಎಳೆ ಸಡಿಲಾದರೆ ಲಾಳಿ ಸಿಕ್ಕಿಬೀಳುತ್ತದೆ. ಸಡಿಲ ಎಳೆ ಕಂಡರೆ ಆ ಕೈ ಸುಮ್ಮನಿರದು. ಅರಿವೆ ಒಣಹಾಕುವ ಹಗ್ಗವನ್ನೂ ಬಂದುಹೋಗುವಾಗೊಮ್ಮೆ ಬಿಗಿಯುತ್ತಾಳೆ. ಸಿಟ್ಟಾಗುವುದು ಯಾರ ಮೇಲೆ? ವಿಷಯ ತಿಳಿಸಿದಾಗ ಅನಸವ್ವ ಮುಖ ಸಣ್ಣದು ಮಾಡಿದಳು. ಅನುರಾಧಾ ಒಳಗಿಂದ ಕತ್ತರಿ ತಂದು ಗಂಡನ ಹೊಲಿಗೆಯನ್ನು ಚರಚರನೆ ಕತ್ತರಿಸಿದಳು.

ಕುಂಚಿಗೆ ತೊಟ್ಟು ಗಿಟಾರು ತಣ್ಣಗೆ ಮಲಗಿತ್ತು. ಕುಂಚಿಗೆ ತೆಗೆದು, ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡು, ಸಡಿಲಿಸಬೇಕೆಂದು ಬಿರಡೆಗೆ ಕೈ ಹಚ್ಚಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ಹಿತ್ತಲ ಮಗ್ಗ, ಎದುರುಮನೆಯ ಮಗ್ಗ, ಇಡೀ ಓಣಿಯ ಮಗ್ಗಗಳು ಒಮ್ಮೆಲೇ ನಿಂತವು. ಒಳಗೆ ಕೂಸು ಎದ್ದು ಕುಂಯ್ ಅಂದಿತು. ಬೆರಳು ತಾನಾಗಿ ತಂತಿಗಳ ಮೇಲೆ ಹರಿಯಿತು.

ಎಂಥ ಸದ್ದದು! ಅನಸವ್ವ ಆರನ್ನೂ ಹಾಸಿನಂತೆ ಒಂದೇ ಸಮ ಬಿಗಿದಿದ್ದಳು.

“ಇದೇನ ಬೇ, ಬೆಕ್ಕ ಕಾದ್ಯಾಡಿದಂಗ. ಇದನ್ನ ಕಲ್ಯಾಕ ನಿಮ್ಮಪ್ಪ ಮಾಸ್ತರನ ಇಟ್ಟಿದ್ನೇನ?” ಅಂದಳು ಅನಸವ್ವ.

ಅನುರಾಧಾ ನಕ್ಕಳು. ನಗುತ್ತಲೇ ಕಣ್ಣು ತುಂಬಿದವು. ಎಷ್ಟು ದಿನವಾಗಿತ್ತು ಈ ಕಟ್ಟಿಗೆ ಎದೆಗೆ ತಾಗಿ ನಡುಗಿ. ಬಲಗಡೆ ತಂಗಿ ಕೂರುವಷ್ಟು ಖಾಲಿ ಜಾಗ ಬಿಟ್ಟು ಕೂತಿದ್ದೇನೆಂದು ಆಗ ಅವಳಿಗೆ ಅರಿವಾಯಿತು.

ಟಂಟಂ ಬಂದು ಹಾರ್ನ್ ಹೊಡೆಯಿತು. ಹಾಕುವುದೋ ಬೇಡವೋ ಎಂದು ರಾಜಕುಮಾರ ಕೇಳಿದ. ಅವಳು ಬೇಡವೆಂದು ಗೋಣು ಅಲ್ಲಾಡಿಸಿದಳು. ಅವನು ತನ್ನ ಹೊಲಿಗೆಯ ಗತಿ ನೋಡಿ ನಿಟ್ಟುಸಿರು ಬಿಟ್ಟು, ಗಾಡಿಯವನನ್ನು ಕಳಿಸಿ, ಕೂಸನ್ನು ಎತ್ತಿಕೊಳ್ಳಲು ಒಳಗೆ ಹೋದ.

ಅನುರಾಧಾ ಫೋನು ಹಚ್ಚಿದಳು.

“ಕಳಿಸಿದೇನಕ್ಕಾ?”

“ಇಲ್ಲ ವಂದೂ. ಲಾರ್‍ಯಾಗ ಕಳಸಂಗಿಲ್ಲ. ನೀನ ಬಾ. ನಾಕ ದಿನಾ ಇದ್ದು, ಬೇಕಾದ್ರ ಒಯ್ಯಿ.”

ಆ ಕಡೆಯಿಂದ ಮಕ್ಕಳ ಗದ್ದಲ ಕೇಳಿತು. ಅನುರಾಧಾ ಬಿರಡೆಗೆ ಕೈ ಹಚ್ಚಿದಳು.

“ಮೊದಲ ದಪ್ಪ ತಂತೀದು ಸ್ವರಾ ಹಿಡಿ.”

“ಈಗ? ಕ್ಲಾಸಿನ್ಯಾಗ ಹುಡುಗ್ರು ಕುಂತಾವ.”

“ಕುಂದರಲಿ. ಕರೆಂಟ್ ಬಂತಂದ್ರ ನಂಗೇನೂ ಕೇಳಂಗಿಲ್ಲ. ಲಗೂನ ಹಿಡಿ.”

ಅನುರಾಧಾ ಫೋನನ್ನು ಕುಂಚಿಗೆಯ ಮೇಲೆ ಒರಗಿಸಿಟ್ಟಳು. ಅದರೊಳಗಿಂದ ಸಣ್ಣಗೆ, ಆಮೇಲೆ ಗಟ್ಟಿಯಾಗಿ, ತಂಗಿಯ ದನಿ ಬಂತು. ಅವಳು ಕಿವಿಗೊಟ್ಟು ಬಿರಡೆ ತಿರುವತೊಡಗಿದಳು.