ಚಾರ್ಜರಿನ ನೆರಳು

ಬುರೈದಾದಿಂದ ರಿಯಾದಿಗೆ ಹೋಗುವ ಹೆದ್ದಾರಿಯ ಈ ಪೆಟ್ರೋಲ್ ಬಂಕಿನಲ್ಲಿ ಕಾರು ಚಾರ್ಜ್ ಮಾಡುವ ಯಂತ್ರ ಇರುವುದು ಒಂದೇ. ಅದರ ಮೇಲೊಂದು ತಗಡಿನ ಚಪ್ಪರ. ಸುತ್ತ ಬೇರೆಲ್ಲೂ ನೆರಳಿಲ್ಲ. ಹಾಗಾಗಿ ಅದರಡಿ ಖರ್ಜೂರದ ಪೆಟ್ಟಿಗೆ ಹೇರಿದ ಪಿಕಪ್ಪೊಂದು ಆರಾಮವಾಗಿ ನಿಂತಿತ್ತು.

ಬುರೈದಾದಲ್ಲಿ ನರ್ಸ್ ಆಗಿರುವ ನನ್ನ ತಂಗಿ ವನಿತಾಳದ್ದು ಎಲೆಕ್ಟ್ರಿಕ್ ಕಾರು. ಚಾರ್ಜ್ ಸಾಲದೆಂದು ಅರ್ಧ ದಾರಿ ಎಸಿ ಆರಿಸಿ, ತಲೆಗೆ ಒದ್ದೆ ಬೈರಾಸು ಸುತ್ತಿಕೊಂಡೇ ಓಡಿಸಿದ್ದಳು.

"ಪೆಟ್ರೋಲಿನ ಊರಲ್ಲಿ ಇದೆಂತ ಹಠ ನಿಂದು?" ಎಂದೆ.

"ಯಂತ್ರ ಹೆಚ್ಚಾದ ಮೇಲೆ ಕಾರು ತೆಗೊಳ್ತೇನೆ ಅಂತ ಎಲ್ಲರೂ ಕೂತ್ರೆ ಯಂತ್ರ ಯಾಕೆ ಹೆಚ್ಚಾಗ್ತದೆ ಅಣ್ಣ? ಯಾರಾದ್ರೂ ಮೊದಲು ಬಂದು ನಿಲ್ಬೇಕಲ್ಲ."

ಪಕ್ಕದ ಖರ್ಜೂರದಂಗಡಿಯ ಅಜ್ಜನ ಬಳಿ ಹೋಗಿ ತನ್ನ ಆಸ್ಪತ್ರೆಯ ಅರಬಿಯಲ್ಲಿ ಮಾತಾಡಿದಳು. ಚಪ್ಪರ ಇರುವುದೇ ನೆರಳಿಗೆಂದು ಅವರು ತಿಳಿದಿದ್ದರಂತೆ. ಪಿಕಪ್ಪನ್ನು ಬಿಸಿಲಿಗೆ ತೆಗೆದರು.

ಚಾರ್ಜ್ ತುಂಬಿ ಹೊರಡುವಾಗ ವನಿತಾ ಖಾಲಿ ಜಾಗದಲ್ಲಿ ಬೈರಾಸು ಹಾಸಿ ಎರಡು ಕಲ್ಲಿಟ್ಟಳು. "ನಾಳೆ ಬರುವಾಗ ಪುನಃ ಬೇಕಲ್ಲ."

ಬಸ್ಸಿನ ಕಿಟಕಿಯಿಂದ ಬೈರಾಸು ಹಾಕಿ ಸೀಟು ಹಿಡಿಯುವುದು ನಮ್ಮೂರಿನ ಕಾನೂನು. ಇಲ್ಲಿ ಅದಕ್ಕೆ ಯಾರು ಬೆಲೆ ಕೊಡುತ್ತಾರೆಂದು ನಾನು ನಕ್ಕೆ.

ಮರುದಿನ ಮಧ್ಯಾಹ್ನ ಬಂದಾಗ ಬೈರಾಸು ಹಾಗೇ ಇತ್ತು. ಗಾಳಿಗೆ ಹಾರದಂತೆ ಕಲ್ಲು ನಾಲ್ಕಾಗಿದ್ದವು. ಅಜ್ಜನ ಪಿಕಪ್ ಆಚೆ ಬಿಸಿಲಲ್ಲೇ ನಿಂತಿತ್ತು, ಖರ್ಜೂರದ ಪೆಟ್ಟಿಗೆಗಳ ಮೇಲೆ ಒದ್ದೆ ಗೋಣಿ ಹೊದ್ದುಕೊಂಡು.